ಆನೆಯಾದ ಅಕ್ಷರ

ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಲಾರದ ಮನುಷ್ಯರಲ್ಲಿ ಎರಡು ಬಗೆ. ಕುರ್ಚಿ ಸಿಕ್ಕವರು ಅಧಿಕಾರಿಗಳಾಗುತ್ತಾರೆ. ಕುರ್ಚಿ ಸಿಗದವರು ಬೀದಿಗೆ ಉಪಕಾರಿಗಳಾಗುತ್ತಾರೆ. ಮೊದಲನೆಯವರಿಂದ ಊರಿಗೆ ಆಗುವ ಹಾನಿಗೆ ಹೋಲಿಸಿದರೆ ಎರಡನೆಯವರಿಂದ ಆಗುವುದು ಬರೀ ತಮಾಷೆ.

ಗೊತ್ತಪ್ಪ ಎರಡನೆಯ ಬಗೆ. ಅದು ಹೆತ್ತವರು ಇಟ್ಟ ಹೆಸರಲ್ಲ, ಬೀದಿ ಕೊಟ್ಟ ಬಿರುದು. ನಲ್ಲಿಯಲ್ಲಿ ನೀರು ಯಾಕೆ ಬರುತ್ತಿಲ್ಲ ಎಂದು ಕೇಳಿ, ಮಗುವಿನ ಮೈಮೇಲಿನ ಕೆಂಪು ಗುಳ್ಳೆ ಏನೆಂದು ಕೇಳಿ, ಚಂದ್ರನ ಮೇಲೆ ಯಾರಾದರೂ ಇದ್ದಾರೆಯೇ ಎಂದು ಕೇಳಿ. "ಅದಾ? ಗೊತ್ತು ಬಿಡಿ" ಎಂದೇ ಅವನ ಉತ್ತರ ಶುರುವಾಗುತ್ತಿತ್ತು. ಮುಂದೆ ಬರುವುದು ಉತ್ತರವೇ ಆಗಿರಬೇಕೆಂಬ ಕಟ್ಟುಪಾಡೇನೂ ಇರಲಿಲ್ಲ.

ಗೋದಾಮಿನಲ್ಲಿ ಮೂಟೆ ಎಣಿಸುವುದು ಅವನ ಕೆಲಸ. ಅವನು ನಿಲ್ಲುವ ಜಾಗದ ಪಕ್ಕದಲ್ಲೊಂದು ಕಂಪ್ಯೂಟರ್ ಇತ್ತು. ಅದರ ಮೇಲಿನ ದೂಳನ್ನು ಒರೆಸಿ ಒರೆಸಿ ತನಗೂ ಅದಕ್ಕೂ ಒಂದು ನೆಂಟಸ್ತನ ಬೆಳೆದಿದೆ ಎಂದು ಅವನು ನಂಬಿದ್ದ. ಗೋದಾಮಿಗೆ ಹೊಸದು ಬಂದಾಗ ಮಾಲೀಕ ಹಳೆಯದನ್ನು "ಎತ್ಕೊಂಡು ಹೋಗಯ್ಯ, ಜಾಗ ಖಾಲಿಯಾಗ್ಲಿ" ಎಂದ. ಗೊತ್ತಪ್ಪ ಅದನ್ನು ತಲೆಯ ಮೇಲೆ ಹೊತ್ತು, ಬೀದಿಯ ಎರಡೂ ಕಡೆಯವರಿಗೆ ಕಾಣುವಂತೆ ನಡುವೆಯೇ ನಡೆದು, ಮನೆಗೆ ತಂದ. ಹೆಂಡತಿ ಬಟ್ಟೆ ಹೊಲಿಯುವ ಮೇಜಿನ ಅರ್ಧ ಭಾಗ ಅಂದಿನಿಂದ ಅದಕ್ಕೆ ಹೋಯಿತು. ಕಿಟಕಿಗೆ ಮುಖಮಾಡಿಯೇ ಇಟ್ಟ. ಮನೆಯಲ್ಲಿ ಕಂಪ್ಯೂಟರ್ ಇದ್ದೂ ಬೀದಿಗೆ ಕಾಣದಿದ್ದರೆ ಅದು ಇದ್ದು ಏನು ಬಂತು?

ಇಷ್ಟಕ್ಕೇ ಮುಗಿದಿದ್ದರೆ ಇದು ಕಥೆಯಾಗುತ್ತಿರಲಿಲ್ಲ. ಆದರೆ ನಗರಸಭೆ ಎಂಬುದೊಂದು ಇದೆಯಲ್ಲ, ಅದು ಯಾವುದನ್ನೂ ಇಷ್ಟಕ್ಕೇ ಮುಗಿಯಗೊಡುವುದಿಲ್ಲ.

ಬೀದಿಯ ತುದಿಯಲ್ಲಿ ದೊಡ್ಡ ರಸ್ತೆ. ರಸ್ತೆಯ ಆಚೆಗೆ ಆಸ್ಪತ್ರೆ, ಶಾಲೆ, ಅಂಗಡಿಸಾಲು, ಕಚೇರಿ ಎಲ್ಲವೂ. ಈಚೆಗೆ ಇವರು. ನಡುವೆ ಒಂದು ಕಬ್ಬಿಣದ ಕಾಲುಸೇತುವೆ. ಅದು ಬರುವ ಮೊದಲು ರಸ್ತೆ ದಾಟುವುದೆಂದರೆ ವಾಹನಗಳ ಹೊಳೆಯಲ್ಲಿ ಈಜಿದ ಹಾಗೆ. ಆ ಹೊಳೆಯಲ್ಲೇ ಇಸ್ತ್ರಿಯಕ್ಕನ ಎಡಗಾಲು ಶಾಶ್ವತವಾಗಿ ಕುಂಟಾದದ್ದು. ಬೀದಿ ಜಗಳವಾಡಿ, ರಸ್ತೆಯಲ್ಲಿ ಕೂತು, ಲಾಠಿ ತಿಂದು ಆ ಸೇತುವೆಯನ್ನು ಗಿಟ್ಟಿಸಿತ್ತು. ಈಗ ದಿನಾ ಬೆಳಿಗ್ಗೆ ಇಸ್ತ್ರಿಯಕ್ಕ ಬಿಸಿ ಆರದ ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಕಾರುಗಳ ನೆತ್ತಿಯ ಮೇಲೆ ನಡೆದುಹೋಗುತ್ತಿದ್ದಳು.

ಕಾರುಗಳ ಒಳಗಿದ್ದವರಿಗೆ ಇದು ಹಿಡಿಸಲಿಲ್ಲ. ಗಂಟು ಹೊತ್ತವರು, ಹರಿದ ಚಪ್ಪಲಿಯವರು, ಹಾಲಿನ ಕ್ಯಾನಿನವರು ತಮ್ಮ ತಲೆಯ ಮೇಲೆ ಓಡಾಡುವುದೆಂದರೇನು? ಹಾಗೆಂದು ಬರೆಯಲಾಗುವುದಿಲ್ಲವಾದ್ದರಿಂದ ನಗರಸಭೆ 'ನಗರದ ಸೌಂದರ್ಯಕ್ಕೆ ಧಕ್ಕೆ' ಎಂದು ಬರೆಯಿತು. ಸೇತುವೆಯನ್ನು ಕೆಡವುವ ಪ್ರಕಟಣೆಯನ್ನು ಸೇತುವೆಯ ಕಂಬಕ್ಕೇ ಅಂಟಿಸಿತು. ಅದೂ ರಸ್ತೆಯ ಕಡೆಗೆ, ಓಡುವ ಕಾರಿನಿಂದ ಮಾತ್ರ ಕಾಣುವಂತೆ. ಗಂಟಿನಿಂದ ಹಾರಿಬಿದ್ದ ಒಂದು ದಿಂಬಿನ ಚೀಲವನ್ನು ಹೆಕ್ಕಲು ಇಸ್ತ್ರಿಯಕ್ಕ ಕೆಳಗೆ ಇಳಿಯದಿದ್ದರೆ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬೀದಿಯವರು ಹೋಗಿ ಓದಿದರೆ, ಆಕ್ಷೇಪಣೆ ಇದ್ದವರು ಅದೇ ದಿನ ಕಚೇರಿ ಮುಚ್ಚುವುದರೊಳಗೆ ಸಲ್ಲಿಸತಕ್ಕದ್ದು ಎಂದು ಅದರಲ್ಲಿತ್ತು. ಕೈಬರಹದ ಅರ್ಜಿ ಸ್ವೀಕರಿಸಲಾಗುವುದಿಲ್ಲ. ತಪ್ಪಿದಲ್ಲಿ ಯಾರಿಗೂ ಆಕ್ಷೇಪಣೆ ಇಲ್ಲವೆಂದು ಭಾವಿಸಲಾಗುವುದು. ಈ 'ಭಾವಿಸಲಾಗುವುದು' ಎಂಬ ಒಂದು ಪದದ ಮೇಲೆ ಎಷ್ಟು ಸರ್ಕಾರಗಳು ಎಷ್ಟು ಕಾಲದಿಂದ ಕಾಲು ಚಾಚಿ ಮಲಗಿವೆ ಎಂಬುದನ್ನು ಬಲ್ಲವರೇ ಬಲ್ಲರು.

"ಟೈಪ್ ಮಾಡಿಸ್ಬೇಕಂತೆ. ಝೆರಾಕ್ಸ್ ಅಂಗಡಿಯಾಕೆ ಹತ್ರ ಹೋಗೋಣ್ವಾ?" ಎಂದಳು ಇಸ್ತ್ರಿಯಕ್ಕ.

"ಟೈಪಾ? ಗೊತ್ತು ಬಿಡಿ" ಎಂದ ಗೊತ್ತಪ್ಪ. "ಮನೇಲಿ ಕಂಪ್ಯೂಟರ್ ಇಟ್ಕೊಂಡು ಅಂಗಡಿಗೆ ಹೋಗೋದಾ? ಟೈಪ್ ಇಲ್ಲೇ. ಪ್ರಿಂಟ್ ಬೇಕಾದ್ರೆ ಅವಳ ಹತ್ರ ತೆಗೆಸ್ಕೊಳ್ಳೋಣ."

ಬೀದಿಯ ನಿವೃತ್ತ ಮೇಷ್ಟ್ರು ಹೇಳುತ್ತ ಹೋದರು, ಗೊತ್ತಪ್ಪ ಒಂದು ಬೆರಳಿನಿಂದ ಕುಟ್ಟುತ್ತ ಹೋದ. ಮೇಷ್ಟ್ರ ಗದ್ಯ ಎಂದರೆ ಮೆರವಣಿಗೆ. ಮುಂದೆ ಛತ್ರಿ, ಚಾಮರ, ಓಲಗ. ವಿಷಯ ಎಲ್ಲೋ ಹಿಂದೆ ಬರಿಗಾಲಲ್ಲಿ ಬರುತ್ತಿರುತ್ತದೆ. 'ಮಾನ್ಯರೂ ಘನತೆವೆತ್ತವರೂ ಆದ ಮುಖ್ಯಾಧಿಕಾರಿಗಳವರ ದಿವ್ಯ ಸನ್ನಿಧಾನಕ್ಕೆ' ಎಂದು ಹೊರಟ ಅರ್ಜಿ ಐದು ಪುಟ ನಡೆದು 'ತಮ್ಮ ವಿಧೇಯ' ಎಂಬಲ್ಲಿ ದಣಿದು ಕೂತಿತು. ರೋಮನ್ನರ ಸೇತುವೆಗಳೂ ಅದರಲ್ಲಿ ಬಂದಿದ್ದವು.

ಮುಗಿಸಿದ ಸಂಭ್ರಮಕ್ಕೆ ಗೊತ್ತಪ್ಪ ಸಕ್ಕರೆ ಜಾಸ್ತಿ ಹಾಕಿಸಿಕೊಂಡು ಒಂದು ಲೋಟ ಚಹಾ ತರಿಸಿದ. ಲೋಟವನ್ನು ಕೀಬೋರ್ಡಿನ ಪಕ್ಕ ಇಟ್ಟ. ಮೇಷ್ಟ್ರು ರೋಮನ್ನರ ಬಗ್ಗೆ ಕೈ ಬೀಸಿದರು. ಚಹಾ ಕೀಬೋರ್ಡಿನ ಎಡಮೂಲೆಗೆ ಚೆಲ್ಲಿತು. ಗೊತ್ತಪ್ಪ ಹೆಂಡತಿಯ ಚಿಂದಿಬಟ್ಟೆಯಿಂದ ಒರೆಸಿ, "ಏನೂ ಆಗಲ್ಲ ಬಿಡಿ" ಎಂದು ಹೇಳಿ ಊಟಕ್ಕೆ ಎದ್ದ. ಅವನು ಉಣ್ಣುವಷ್ಟರಲ್ಲಿ ಮೂಲೆಯ ಕಂಟ್ರೋಲ್ ಕೀ ಸಕ್ಕರೆಪಾಕದಲ್ಲಿ ಸುಖವಾಗಿ ಕೂತುಬಿಟ್ಟಿತು. ಕೂತದ್ದು ಏಳಲಿಲ್ಲ. ಯಾರೂ ನೋಡಲಿಲ್ಲ.

ಕೈತೊಳೆದು ಬಂದ ಗೊತ್ತಪ್ಪ ಅರ್ಜಿಯನ್ನು ಮೊದಲಿನಿಂದ ಓದೋಣವೆಂದು ಮೌಸಿನ ಚಕ್ರವನ್ನು ಮೇಲಕ್ಕೆ ಉರುಳಿಸಿದ. ಕಂಟ್ರೋಲ್ ಕೀ ಒತ್ತಿಕೊಂಡಿದ್ದರೆ ಚಕ್ರದ ಕೆಲಸವೇ ಬೇರೆ. ಪುಟ ಮೇಲಕ್ಕೆ ಹೋಗಲಿಲ್ಲ. ಅಕ್ಷರಗಳು ಉಬ್ಬಿದವು. ಇನ್ನಷ್ಟು ಉರುಳಿಸಿದ. ಇನ್ನಷ್ಟು ಉಬ್ಬಿದವು. ಹೆದರಿ ಗರಗರನೆ ಉರುಳಿಸಿದ. ಕೊನೆಗೆ ಇಡೀ ಪರದೆಯ ತುಂಬ ಒಂದೇ ಒಂದು ಅಕ್ಷರ, ಕುಂಬಳಕಾಯಿಯಷ್ಟು ದಪ್ಪಗೆ, ಅವನನ್ನೇ ನೋಡುತ್ತ ನಿಂತಿತು.

"ಮಾ" ಎಂದು ಓದಿತು ಹಿಂದಿನಿಂದ ಒಂದು ಧ್ವನಿ.

ಗೊತ್ತಪ್ಪ ಬೆಚ್ಚಿದ. ಓದಿದ್ದು ಮೂಲೆಯ ಮಂಚದ ಮೇಲಿದ್ದ ಅತ್ತೆ. ಕನ್ನಡಕ ಹಾಕಿಕೊಂಡರೂ ಅಳಿಯನ ಮುಖ ಯಾವುದು ಗೋಡೆ ಯಾವುದು ಎಂದು ತಿಳಿಯದ ಮುದುಕಿ.

"ಅಯ್ಯೋ, ನಂಗೆ ಕಾಣಿಸ್ತಿದೆ ಕಣೇ!" ಎಂದು ಆಕೆ ಮಗಳನ್ನು ಕೂಗಿದಳು. "ಎಷ್ಟು ವರ್ಷ ಆಗಿತ್ತೇ ಓದಿ! ಅಳಿಯಂದಿರೇ, ಮುಂದಿಂದು ತೋರ್ಸಿ."

"ಅತ್ತೆ, ಸ್ವಲ್ಪ ಸುಮ್ನಿರಿ. ಇದು ಕೆಟ್ಟಿದೆ."

"ಕೆಟ್ಟಿಲ್ಲ. ಇವತ್ತೇ ಸರಿಯಾಗಿರೋದು."

ಗೊತ್ತಪ್ಪ ಚಕ್ರವನ್ನು ಕೆಳಕ್ಕೆ ಉರುಳಿಸಿದ. ಆ ಚಕ್ರವೂ ಸವೆದ ಚಕ್ರ. ಒಂದು ಹಲ್ಲು ಎಂದರೆ ಹತ್ತು ಹಲ್ಲು ಜಾರುತ್ತಿತ್ತು. ಆನೆಯಷ್ಟಿದ್ದ ಅಕ್ಷರ ಕರಗಿತು, ಕುದುರೆಯಾಯಿತು, ಆಡಾಯಿತು, ಹೆಂಡತಿ "ಸಾಕು, ಸಾಕು, ನಿಲ್ಸಿ!" ಎನ್ನುವಷ್ಟರಲ್ಲಿ ಇರುವೆಯಾಯಿತು. ಐದು ಪುಟಗಳೂ ಪರದೆಯ ಮೇಲೆ ಅಂಚೆಚೀಟಿಗಳ ಹಾಗೆ ಸಾಲಾಗಿ ನಿಂತವು. ಒಳಗೆ ಬೂದಿ ಚೆಲ್ಲಿದಂತೆ ಏನೋ ಇತ್ತು. ಮತ್ತೆ ಮೇಲಕ್ಕೆ. ಆನೆ. ಮತ್ತೆ ಕೆಳಕ್ಕೆ. ಇರುವೆ.

"ನಿಮ್ಗೆ ಗೊತ್ತಿದೆ ಅಲ್ವಾ?" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

"ಗೊತ್ತು ಬಿಡೆ. ಇದಕ್ಕೇ ಸಹಾಯದ ಕೀ ಅಂತ ಒಂದಿದೆ."

ಮೇಲಿನ ಸಾಲಿನ ಮೊದಲ ಕೀಯನ್ನು ಅವನು ಆತ್ಮವಿಶ್ವಾಸದಿಂದ ಒತ್ತಿದ. ಕೆಳಗೆ ಕಂಟ್ರೋಲು ಕೂತೇ ಇತ್ತಲ್ಲ. ಎರಡೂ ಕೂಡಿದಾಗ ಸಹಾಯ ಬರಲಿಲ್ಲ. ಪರದೆಯ ಮೇಲ್ಭಾಗದಲ್ಲಿ ಇದ್ದ ಗುಂಡಿಗಳು, ಪಟ್ಟಿಗಳು, ಬಾಣಗಳೆಲ್ಲ ಒಮ್ಮೆಲೇ ಮಾಯವಾದವು. ಸಹಾಯ ಕೇಳಿದವನ ಕೈಯಲ್ಲಿ ಇದ್ದದ್ದನ್ನೂ ಕಿತ್ತುಕೊಳ್ಳುವುದು! ಆ ಯಂತ್ರ ಯಾವುದೋ ನಗರಸಭೆಯಲ್ಲೇ ತರಬೇತಿ ಪಡೆದಿರಬೇಕು.

ಈ ಹೊತ್ತಿಗೆ ಬೀದಿಯಲ್ಲಿ ಬೇರೊಂದು ಬೆಳವಣಿಗೆ ನಡೆದಿತ್ತು. ಕಿಟಕಿಯ ಹೊರಗೆ ಹೋಗುತ್ತಿದ್ದ ಒಬ್ಬ ಹಿರಿಯರು, ಕೈಯಲ್ಲಿ ತರಕಾರಿ ಚೀಲ, ಪರದೆಯ ಮೇಲೆ ಅಕ್ಷರವೊಂದು ದೊಡ್ಡದಾಗುವುದನ್ನೂ ಚಿಕ್ಕದಾಗುವುದನ್ನೂ ಕಂಡು ನಿಂತರು. ಒಂದು ಕಣ್ಣು ಮುಚ್ಚಿಕೊಂಡರು. "ಮಾ" ಎಂದರು. ಇನ್ನೊಂದು ಮುಚ್ಚಿಕೊಂಡರು. "ಮಾ... ಇರಬೇಕು" ಎಂದರು. ಅವರ ಹಿಂದೆ ಒಬ್ಬಾಕೆ ನಿಂತಳು. ಅವಳ ಹಿಂದೆ ಇಬ್ಬರು. ನಮ್ಮ ಜನಕ್ಕೆ ಸಾಲು ಎಂಬುದು ಕಂಡರೆ ಸಾಕು, ಯಾಕೆಂದು ಕೇಳುವುದು ಆಮೇಲೆ. ಬಡವರಿಗೆ ಏನಾದರೂ ಸಿಗುವುದಿದ್ದರೆ ಸಾಲಿನಲ್ಲೇ ತಾನೆ?

"ಕಣ್ಣು ತಪಾಸಣೆಯಂತೆ. ಪುಕ್ಕಟೆಯಂತೆ" ಎಂಬ ಸುದ್ದಿ ಸಾಲಿನ ಬಾಲದಿಂದ ಹುಟ್ಟಿ ತಲೆಗೆ ಬಂತು.

ಸುದ್ದಿ ಮೂಲೆಯ ಕನ್ನಡಕದ ಅಂಗಡಿಗೂ ತಲುಪಿತು. ಅಂಗಡಿಯವನು ಬರಿಗಾಲಲ್ಲೇ ಓಡಿಬಂದ.

"ಏನ್ರೀ ಇದು ಗೊತ್ತಪ್ಪನೋರೆ! ಬೋರ್ಡಿಲ್ಲ, ಲೈಸೆನ್ಸಿಲ್ಲ, ಮನೇಲೇ ಕಣ್ಣಿನ ಆಸ್ಪತ್ರೆ ತೆಗೆದ್ಬಿಟ್ರಾ? ನಾನೇನು ಅಂಗಡಿ ಮುಚ್ಕೊಂಡು ನಿಮ್ಮ ಮೂಟೆ ಎಣಿಸೋಕೆ ಬರ್ಲಾ?"

"ಯಾರು ತೆಗೆದ್ರು ಮಾರಾಯ್ರೇ! ಇದು ಅರ್ಜಿ!"

"ಅರ್ಜಿ ಇಷ್ಟು ದಪ್ಪ ಇರತ್ತಾ?"

"ಯಾಕ್ರೀ ತಳ್ತೀರ?" ಎಂದರು ತರಕಾರಿ ಚೀಲದವರು. "ನನ್ನ ಎಡಗಣ್ಣು ಇನ್ನೂ ಅರ್ಧ ಆಗಿದೆ."

"ಇಲ್ಲೇ ಓದೋಕೆ ಆಗತ್ತಲ್ಲ, ನಿಮ್ಮ ಅಂಗಡಿ ಕನ್ನಡಕ ಯಾಕೆ ಬೇಕು?" ಎಂದಳು ಒಳಗಿನಿಂದ ಅತ್ತೆ. ಕನ್ನಡಕದವನಿಗೆ ಇದು ನೇರ ಎದೆಗೇ ಬಿತ್ತು.

ಗೊತ್ತಪ್ಪ ಹೊಸ್ತಿಲ ಮೇಲೆ ನಿಂತು ಎಲ್ಲವನ್ನೂ ಹೇಳಬೇಕಾಯಿತು. ಸೇತುವೆ, ಪ್ರಕಟಣೆ, ಇವತ್ತೇ ಕೊನೆ. ಕಣ್ಣು ತೋರಿಸಲು ಬಂದವರು ಬಾಯಿ ತೆರೆದು ನಿಂತರು. ಅವರಲ್ಲಿ ಸೇತುವೆ ದಾಟದೆ ಬದುಕುವವರು ಒಬ್ಬರೂ ಇರಲಿಲ್ಲ. ಸಾಲು ಕರಗಿ ಗುಂಪಾಯಿತು. ಗುಂಪು ಕಿಟಕಿಗೆ ಮುತ್ತಿಕೊಂಡಿತು.

"ಹಾಗಾದ್ರೆ ಹೀಗೇ ಕೊಡಿ, ಏನಂತೆ?" ಎಂದಳು ಇಸ್ತ್ರಿಯಕ್ಕ.

ಗೊತ್ತಪ್ಪ ಗಂಟಲು ಸರಿಮಾಡಿಕೊಂಡ. ಅವನ ಜೀವನದ ದೊಡ್ಡ ತಪ್ಪು ಇಲ್ಲಿ, ಶಾಂತವಾದ, ತಿಳಿಹೇಳುವ ಧ್ವನಿಯಲ್ಲಿ ಹೊರಬಂತು.

"ಅಕ್ಕ, ನಿಂಗೆ ಗೊತ್ತಾಗಲ್ಲ. ಪರದೆ ಮೇಲೆ ಹೇಗಿದೆಯೋ ಕಾಗದದ ಮೇಲೂ ಹಾಗೇ ಬರೋದು. ಒಂದು ಹಾಳೆಗೆ ಒಂದು ಅಕ್ಷರ. ಮೇಷ್ಟ್ರ ಐದು ಪುಟಕ್ಕೆ ಎಷ್ಟು ಹಾಳೆ ಬೇಕು ಹೇಳು. ಎತ್ತಿನ ಗಾಡೀಲಿ ಹೇರ್ಕೊಂಡು ಹೋಗ್ಬೇಕು."

ಗುಂಪು ತಲೆದೂಗಿತು. ಯಾರೂ 'ಹಾಗೇನಿಲ್ಲ' ಎನ್ನಲಿಲ್ಲ. ಮೇಷ್ಟ್ರು ಮಾತ್ರ, "ಗಾಡಿ ತರಿಸಯ್ಯ. ಮಹತ್ವದ ದಾಖಲೆ ಗಾಡಿಯಲ್ಲೇ ಹೋಗಲಿ" ಎಂದರು.

"ಗಾಡಿ ಸೇತುವೆ ಹತ್ತತ್ತಾ ಮೇಷ್ಟ್ರೇ?"

"ಇರುವೆ ಮಾಡಿಬಿಡಿ" ಎಂದ ಕನ್ನಡಕದವನು. "ಎಲ್ಲಾ ಅರ್ಧ ಹಾಳೇಲಿ ಹಿಡಿಯತ್ತೆ. ಜೊತೆಗೆ ನಮ್ಮ ಅಂಗಡಿಯ ಒಂದು ಭೂತಗನ್ನಡಿ ದಾರ ಕಟ್ಟಿ ಕೊಡೋಣ. ಅಂಗಡಿ ವಿಳಾಸ ಹಿಡಿಕೆ ಮೇಲೇ ಇದೆ."

"ಕಾಣದೆ ಇದ್ದದ್ದನ್ನ ಅವರು ಓದ್ತಾರಾ? ಕಂಡಿದ್ದನ್ನೇ ಓದಲ್ಲ!" ಎಂದಳು ಇಸ್ತ್ರಿಯಕ್ಕ. "ಅದನ್ನೇ ನೆಪ ಮಾಡ್ಕೊಂಡು ಎಸೀತಾರೆ."

ಆನೆಯ ಪಕ್ಷ, ಇರುವೆಯ ಪಕ್ಷ ಎಂದು ಬೀದಿ ಎರಡಾಯಿತು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು. ಕಚೇರಿ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು. ಆಗ ಇಷ್ಟು ಹೊತ್ತು ಅಂಗಿಯೊಂದಕ್ಕೆ ತೋಳು ಹೊಲಿಯುತ್ತಿದ್ದ ಗೊತ್ತಪ್ಪನ ಹೆಂಡತಿ ಹಲ್ಲಿನಿಂದ ದಾರ ಕಡಿದಳು.

"ಬಟ್ಟೆ ಕಮ್ಮಿ ಇದ್ರೆ ಏನ್ರೀ ಮಾಡ್ತೀವಿ? ಅಂಗಿ ಚಿಕ್ಕದು ಹೊಲೀತೀವಿ. ಹಾಳೆಗೆ ಹಿಡಿಯೋಷ್ಟೇ ಮಾತು ಇಟ್ಕೊಳ್ಳಿ. ಮಿಕ್ಕಿದ್ದು ಕತ್ತರಿಸಿ."

ಮೇಷ್ಟ್ರು ಎದೆ ಹಿಡಿದುಕೊಂಡು ಅತ್ತೆಯ ಮಂಚದ ತುದಿಯಲ್ಲಿ ಕೂತರು.

ಅಳಿಸುವ ಕೆಲಸಕ್ಕೆ ಮಾತ್ರ ಯಂತ್ರ ಅದ್ಭುತವಾಗಿ ಸಹಕರಿಸಿತು. ಹೊಸದಾಗಿ ಒಂದಕ್ಷರ ಕುಟ್ಟಹೋದರೆ ಏನೇನೋ ಪೆಟ್ಟಿಗೆಗಳು ತೆರೆದು ಹೆದರಿಸುತ್ತಿದ್ದವು. ಅಳಿಸುವ ಕೀ ಒತ್ತಿದರೆ ಒಂದೊಂದು ಅಕ್ಷರವಲ್ಲ, ಒಂದೊಂದು ಇಡೀ ಪದವೇ ಗುಳುಂ ಎನ್ನುತ್ತಿತ್ತು. ಕೂತ ಕೀಯ ಮಹಿಮೆ ಅದು ಎಂದು ಅವರಿಗೇನು ಗೊತ್ತು? ಸೇರಿಸಲು ಬಿಡುವುದಿಲ್ಲ, ಕಳೆಯಲು ಎಷ್ಟು ಬೇಕಾದರೂ ಬಿಡುತ್ತದೆ. ಇಡೀ ಬೀದಿಯ ಬಾಳೂ ಹಾಗೇ ನಡೆದಿದ್ದರಿಂದ ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ.

ಕೊನೆಯಿಂದ ಹಿಂದಕ್ಕೆ ಬರತೊಡಗಿದರು. ಮೊದಲು ಬಂದದ್ದು 'ವಿಧೇಯ.'

"ಇದ್ಯಾರು ವಿಧೇಯ? ನಾನಾ?" ಎಂದಳು ಇಸ್ತ್ರಿಯಕ್ಕ. "ನನ್ನ ಕಾಲು ಮುರಿದಾಗ ಒಬ್ಬ ಬಂದು ನೋಡ್ಲಿಲ್ಲ. ತೆಗಿ ಗೊತ್ತಪ್ಪಣ್ಣ."

ಗುಳುಂ.

"ತಮ್ಮ" ಎಂದ ಗೊತ್ತಪ್ಪ.

"ವಿಧೇಯ ಹೋದ್ಮೇಲೆ ತಮ್ಮ ಒಬ್ನೇ ಏನ್ಮಾಡ್ತಾನೆ? ತೆಗಿ."

ರೋಮನ್ನರು ಹೋಗುವಾಗ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. 'ಭಯಭಕ್ತಿಪೂರ್ವಕವಾಗಿ' ಎಂಬ ಪದ ಪರದೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾಯ್ದು, ಸಾಲದೆ ಮುಂದೆಯೂ ಹೋಗಿತ್ತು. ಅದು ಬಿದ್ದಾಗ ಕಿಟಕಿಯ ಗುಂಪಿನಿಂದ ಚಪ್ಪಾಳೆ ಬಂತು.

"ಘನತೆವೆತ್ತ ಬಿಡ್ರಯ್ಯ, ಒಂದಾದರೂ ಬಿಡಿ!" ಎಂದು ಮೇಷ್ಟ್ರು ಬೇಡಿದರು. "ಅದಿಲ್ಲದಿದ್ರೆ ಅವರು ಓದೋದೇ ಇಲ್ಲ!"

"ಇದ್ರೆ ಅಷ್ಟೇ ಓದಿ ನಿಲ್ಲಿಸ್ತಾರೆ ಮೇಷ್ಟ್ರೇ. ಮೂಗಿಗಿಂತ ಮೂಗುತಿ ಭಾರ ಆಯ್ತು."

ಗುಳುಂ.

ಅತ್ತೆ ಮಂಚದಿಂದಲೇ ಪ್ರತಿ ಪದವನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಗುಂಪು 'ಇರಲಿ' ಅಥವಾ 'ಹೋಗಲಿ' ಎನ್ನುತ್ತಿತ್ತು. ಯಾವ ಶಾಸನಸಭೆಯಲ್ಲೂ ಪದಗಳ ಮೇಲೆ ಇಷ್ಟು ಪ್ರಾಮಾಣಿಕ ಮತದಾನ ನಡೆದಿರಲಾರದು. 'ಎಂದು ಪ್ರಾರ್ಥಿಸುತ್ತೇವೆ' ಎಂಬಲ್ಲಿ ಮಾತ್ರ ಸ್ವಲ್ಪ ತಡವಾಯಿತು.

"ಪ್ರಾರ್ಥನೆ ಇರಲಿ, ಮರ್ಯಾದೆ" ಎಂದರು ತರಕಾರಿ ಚೀಲದವರು.

"ಸೇತುವೆ ಕೇಳೋಕೆ ಪ್ರಾರ್ಥನೆ ಮಾಡಿದ್ವಾ? ರಸ್ತೇಲಿ ಕೂತಿದ್ವಿ" ಎಂದಳು ಗೊತ್ತಪ್ಪನ ಹೆಂಡತಿ. ಅವಳು ಆ ದಿನ ಏಟು ತಿಂದವರಲ್ಲಿ ಒಬ್ಬಳು. ಪ್ರಾರ್ಥನೆ ಹೋಯಿತು.

ಕೊನೆಗೆ ಉಳಿದದ್ದು ಇಷ್ಟು: ನಾವು ನಡೆಯುವವರು. ಸೇತುವೆ ಕೆಡವಬೇಡಿ.

ಅತ್ತೆ ಅದನ್ನು ಎರಡು ಸಲ ಓದಿದಳು.

"ಹತ್ತು ಹದಿನೈದು ಹಾಳೆ ಆಗಬಹುದು" ಎಂದು ಗೊತ್ತಪ್ಪ ಅಂದಾಜು ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಹೊರಟ. ಹಿಂದೆ ಮೇಷ್ಟ್ರು, ಇಸ್ತ್ರಿಯಕ್ಕ, ಹೆಂಡತಿ, ಕನ್ನಡಕದವನು, ಕಣ್ಣು ತೋರಿಸಲು ಬಂದು ತೋರಿಸದೇ ಉಳಿದವರು. ಎಲ್ಲರೂ ಸೇತುವೆಯ ಮೇಲೆ ಒಟ್ಟಿಗೆ ಹತ್ತಿದಾಗ ಕಬ್ಬಿಣ ಗುಂಯ್‌ಗುಟ್ಟಿತು.

ಝೆರಾಕ್ಸ್ ಅಂಗಡಿಯಾಕೆ ಪೆನ್‌ಡ್ರೈವ್ ಚುಚ್ಚಿ, ಒಂದು ಗುಂಡಿ ಒತ್ತಿ, ಒಂದು ಹಾಳೆ ಕೈಗಿಟ್ಟಳು.

ಹಾಳೆಯ ನೆತ್ತಿಯಲ್ಲಿ, ಎಲ್ಲ ಅರ್ಜಿಗಳಲ್ಲೂ ಇರುವಷ್ಟೇ ಗಾತ್ರದ ಒಂದು ಸಾಲು. ಕೆಳಗೆ ಹಿಟ್ಟು ಚೆಲ್ಲಿದ ಅಂಗಳದ ಹಾಗೆ ಬಿಳಿ.

"ಮಿಕ್ಕಿದ್ದು?" ಎಂದ ಗೊತ್ತಪ್ಪ.

"ಮಿಕ್ಕಿದ್ದು ಏನಿದೆ? ಇಷ್ಟೇ ಇರೋದು."

"ಅಲ್ಲಮ್ಮ, ಅಕ್ಷರ... ಅದು ಆನೆಯಷ್ಟು ಇತ್ತು."

ಅವಳಿಗೆ ವಿಷಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಝೆರಾಕ್ಸ್ ಯಂತ್ರವನ್ನು ಹಿಡಿದುಕೊಂಡು ನಕ್ಕಳು. "ಅಣ್ಣಾ, ಅದು ಜೂಮು! ನೋಡೋಕಷ್ಟೇ ದೊಡ್ಡದು. ಕಾಗದಕ್ಕೂ ಅದಕ್ಕೂ ಸಂಬಂಧ ಇಲ್ಲ. ಕನ್ನಡಕ ಹಾಕ್ಕೊಂಡ್ರೆ ಹೆಂಡ್ತಿ ದಪ್ಪ ಆಗ್ತಾಳಾ?"

ಬೆಟ್ಟ ಅಗೆದು ಇಲಿ ಹಿಡಿದದ್ದು ಕೇಳಿದ್ದೇವೆ. ಇಲ್ಲಿ ಅಗೆದ ಬೆಟ್ಟವೇ ಮೇಷ್ಟ್ರದು. "ನನ್ನ ಐದು ಪುಟ..." ಎಂದರು ಅವರು. ಆ ಧ್ವನಿ ಕೇಳಿ ಅಂಗಡಿಯಾಕೆ ನಗುವುದನ್ನು ನಿಲ್ಲಿಸಿದಳು. "ರೋಮನ್ನರು ಹಿಡೀತಿದ್ರು ಕಣಯ್ಯ. ಎಲ್ಲಾ ಹಿಡೀತಿತ್ತು!" ಎಂದರು ಮೇಷ್ಟ್ರು ಗೊತ್ತಪ್ಪನಿಗೆ.

ಎಲ್ಲರ ಕಣ್ಣೂ ಗೊತ್ತಪ್ಪನ ಮೇಲೆ ಬಿತ್ತು. 'ಗೊತ್ತು ಬಿಡಿ' ಎಂಬ ಮಾತು ಅವನ ಗಂಟಲವರೆಗೆ ಬಂದು, ಅಲ್ಲೇ ಸುತ್ತು ಹೊಡೆದು, ಕೆಳಗಿಳಿಯಿತು.

"ನಂಗೆ ಗೊತ್ತಿರ್ಲಿಲ್ಲ" ಎಂದ.

ಬೀದಿ ಆ ಮಾತನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಬಯ್ಯಲು ತೆರೆದ ಬಾಯಿಗಳು ಹಾಗೇ ನಿಂತವು. ಬಯ್ಯಲು ಹೊತ್ತೂ ಇರಲಿಲ್ಲ. ಎದುರಿನ ಗಲ್ಲಿಯಲ್ಲೇ ಕಚೇರಿ. ಜವಾನ ಆಗಲೇ ಒಂದು ಬಾಗಿಲ ಚಿಲಕ ಹಾಕುತ್ತಿದ್ದ.

"ಇಷ್ಟು ಖಾಲಿ ಬಿಟ್ಟು ಕೊಟ್ರೆ ನಗ್ತಾರೆ" ಎಂದ ಕನ್ನಡಕದವನು.

ಇಸ್ತ್ರಿಯಕ್ಕ ಅಂಗಡಿಯಾಕೆಯ ಕಿವಿಯ ಮೇಲಿದ್ದ ಪೆನ್ನು ಎತ್ತಿಕೊಂಡು, ಗಾಜಿನ ಮೇಲೆ ಹಾಳೆ ಹರಡಿ, ತನಗೆ ಬರೆಯಲು ಬರುತ್ತಿದ್ದ ಒಂದೇ ಒಂದು ಸಂಗತಿಯನ್ನು, ಅಂದರೆ ತನ್ನ ಹೆಸರನ್ನು, ಸೊಟ್ಟಗೆ ದೊಡ್ಡದಾಗಿ ಬರೆದಳು. "ಖಾಲಿ ಎಲ್ಲಿದೆ? ನಾವಿಲ್ವಾ?"

ಆಮೇಲೆ ತಳ್ಳಾಟ. ಗೊತ್ತಪ್ಪನ ಹೆಂಡತಿ, ತರಕಾರಿ ಚೀಲದವರು, ಝೆರಾಕ್ಸ್ ಅಂಗಡಿಯಾಕೆ ಕೂಡ. ಮೇಷ್ಟ್ರು ಸಹಿಯ ಕೆಳಗೆ ರೋಮನ್ನರ ಬಗ್ಗೆ ಒಂದು ಸಾಲು ಸೇರಿಸಲು ಹೋದಾಗ ಕೈ ಹಿಡಿದು ಎಳೆದರು. ಕನ್ನಡಕದವನು ತನ್ನ ಸಹಿಯ ಬಾಲವನ್ನು ಬಳ್ಳಿಯ ಹಾಗೆ ಸುರುಳಿ ಸುತ್ತಿದ. ಹಾಳೆ ಅಂಚಿನವರೆಗೂ ತುಂಬಿತು.

ಮುಖ್ಯಾಧಿಕಾರಿಗಳು ಎದ್ದು ಕೋಟಿನ ಒಂದು ತೋಳು ಹಾಕಿಕೊಂಡಿದ್ದರು. ಅವರದೊಂದು ಪದ್ಧತಿ ಇತ್ತು. ದಪ್ಪ ಅರ್ಜಿ ಬಂದರೆ ಕೈಯಲ್ಲಿ ತೂಗಿ ನೋಡಿ, ಕೊನೆಯ ಪುಟ ತಿರುವಿ, ಅಂಚಿನಲ್ಲಿ 'ನೋಡಿದೆ' ಎಂದು ಬರೆದು ಸಹಿ ಹಾಕುವುದು. ಓದುವುದು ಅಗತ್ಯವಿರಲಿಲ್ಲ, ಬರೆದವರಿಗೂ ಅದು ಗೊತ್ತಿತ್ತು. ಆದರೆ ಈ ಹಾಳೆಯನ್ನು ಅವರು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ, ಕಣ್ಣನ್ನು ಬೇರೆಡೆಗೆ ತಿರುಗಿಸುವ ಮೊದಲೇ, ಓದಿ ಮುಗಿದುಹೋಗಿತ್ತು. ಓದದೇ ಇರಲು ಅವರಿಗೆ ಸಮಯವೇ ಸಿಗಲಿಲ್ಲ.

"ಇದೇನ್ರೀ, ಇಷ್ಟೇನಾ?"

"ಇಷ್ಟೇ ಸಾರ್" ಎಂದ ಗೊತ್ತಪ್ಪ.

"ವಿಷಯ, ಉಲ್ಲೇಖ, ವಿವರಣೆ ಏನೂ ಇಲ್ಲ?"

"ನಾವೇ ಬಂದಿದ್ದೀವಲ್ಲ ಸಾರ್" ಎಂದಳು ಇಸ್ತ್ರಿಯಕ್ಕ. ಕೋಣೆ ತುಂಬಿ, ಪಡಸಾಲೆ ತುಂಬಿ, ಮೆಟ್ಟಿಲಿನವರೆಗೂ ನಿಂತವರನ್ನು ಅಧಿಕಾರಿಗಳು ನೋಡಿದರು. ಕೈಬರಹವಲ್ಲ, ಅಚ್ಚು. ಸಮಯ ಮೀರಿಲ್ಲ. ತಿರಸ್ಕರಿಸಲು ಕಾರಣ ಹುಡುಕಿ ಹುಡುಕಿ ಸೋತು, ರೂಢಿಯಂತೆ 'ನೋಡಿದೆ' ಬರೆಯಲು ಅಂಚು ಹುಡುಕಿದರು. ಅಂಚೂ ಇರಲಿಲ್ಲ. ಇಡೀ ಹಾಳೆಯಲ್ಲಿ ಇಸ್ತ್ರಿಯಕ್ಕನ ಸೊಟ್ಟ ಹೆಸರಿಗೂ ಕನ್ನಡಕದವನ ಬಳ್ಳಿಗೂ ನಡುವೆ ಒಂದು ಸಂದು ಉಳಿದಿತ್ತು. ಅದರೊಳಗೆ ತೂರಿಸಿ ಸಹಿ ಹಾಕಿದರು. 'ನೋಡಿದೆ' ಎಂಬುದು ಬಳ್ಳಿಯ ಸುರುಳಿಯಲ್ಲಿ ಸಿಕ್ಕಿ ಯಾರಿಗೂ ಕಾಣದಾಯಿತು. ಸಹಿ, ಕೆಳಗಿನ ಹುದ್ದೆ, ಮೊಹರು ಮಾತ್ರ ಲಕ್ಷಣವಾಗಿ ಕಂಡವು.

ಮುಂದೆ ಆದದ್ದು ಕಚೇರಿಯ ಶಿಸ್ತಿನ ಫಲ. ಟಪಾಲು ಗುಮಾಸ್ತ ಸಹಿಗಳನ್ನು ಮೇಲಿನಿಂದ ಕೆಳಕ್ಕೆ ಓದಿ ಆಕ್ಷೇಪಣೆದಾರರ ಪಟ್ಟಿ ಮಾಡಿದ: ಇಸ್ತ್ರಿ ಕೆಲಸ ಮಾಡುವವರು, ಮುಖ್ಯಾಧಿಕಾರಿಗಳು, ಕನ್ನಡಕದ ವ್ಯಾಪಾರಿ. ಪಟ್ಟಿ ಮುಖ್ಯಾಧಿಕಾರಿಗಳಿಗೂ ಮೇಲಿನವರಾದ ದೊಡ್ಡ ಸಾಹೇಬರ ಮೇಜಿಗೆ ಹೋಯಿತು. ಅವರು ಹುಬ್ಬೇರಿಸಿದರು. ಕೆಡವಬೇಕೆಂದು ಬರೆದವನೇ ಕೆಡವಬೇಡಿ ಎನ್ನುವವರ ನಡುವೆ ನಿಂತಿದ್ದಾನೆಂದರೆ ಒಳಗೇನೋ ಇರಬೇಕು. ಕರೆಸಿ ಕೇಳಿದರು.

ಮುಖ್ಯಾಧಿಕಾರಿಗಳು ಏನು ಹೇಳಿಯಾರು? ಎಲ್ಲಿ ಸಹಿ ಹಾಕುತ್ತಿದ್ದೇನೆಂದು ಗಮನಿಸಲಿಲ್ಲ ಎಂದರೆ, ಇಷ್ಟು ವರ್ಷ ಎಲ್ಲೆಲ್ಲಿ ಹಾಕಿದ್ದೀರಿ ಎಂದು ಕೇಳಿದರೆ? ಅವರು ಬಾಯಿ ಮುಚ್ಚಿಕೊಂಡರು. ದೊಡ್ಡ ಸಾಹೇಬರು ಕೆಡವುವುದನ್ನು ತಡೆಹಿಡಿದು, ಮುಖ್ಯಾಧಿಕಾರಿಗಳು ಖುದ್ದಾಗಿ ಆ ಸೇತುವೆಯ ಮೇಲೆ ನಡೆದು ವರದಿ ಕೊಡತಕ್ಕದ್ದು ಎಂದು ಆದೇಶಿಸಿದರು.

ಆದೇಶದ ಸುದ್ದಿ ಬಂದ ದಿನ ಗೊತ್ತಪ್ಪನ ಹೆಂಡತಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತ ಕೀಬೋರ್ಡಿನ ಕಡೆ ನೋಡಿದಳು. ಮೂಲೆಯ ಕೀ ಒಂದು ಹಲ್ಲು ಉದುರಿದ ಬಾಯಿಯ ಹಾಗೆ ಕುಸಿದಿತ್ತು. ಸೂಜಿಯ ತುದಿಯಿಂದ ಮೀಟಿ, ಒದ್ದೆಬಟ್ಟೆಯಿಂದ ಒರೆಸಿದಳು. ಟಕ್ ಎಂದು ಎದ್ದು ನಿಂತಿತು. ಚಕ್ರ ಉರುಳಿಸಿದರೆ ಪುಟ ಪುಟದಂತೆ ಉರುಳಿತು. ಮಾಯವಾದ ಪಟ್ಟಿಗಳಿಗೆ ಅದೇ ಎರಡು ಕೀಗಳನ್ನು ಮತ್ತೊಮ್ಮೆ ಕೂಡಿಸಿ ಒತ್ತಬೇಕಿತ್ತು. ಅದನ್ನು ಗೊತ್ತಪ್ಪ ಝೆರಾಕ್ಸ್ ಅಂಗಡಿಗೆ ಹೋಗಿ, ಸಾಲಿನಲ್ಲಿ ನಿಂತು, ಕೇಳಿಕೊಂಡು ಬಂದ. ಅತ್ತೆಗೆ ಮಾತ್ರ ಬೇಸರ. ಅವಳಿಗಾಗಿ ಅವನು ಈಗ ದಿನಾ ಸಂಜೆ ಸುದ್ದಿಯನ್ನು ಬೇಕೆಂದೇ ಆನೆ ಮಾಡಿ ತೋರಿಸುತ್ತಾನೆ.

ಪರಿಶೀಲನೆಯ ದಿ‌ನ ಮುಖ್ಯಾಧಿಕಾರಿಗಳು ಕಾರಿನಿಂದ ಇಳಿದರು. ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ಕಂಬಿ ಹಿಡಿದು ಉಸಿರು ತೆಗೆದುಕೊಂಡರು. ಗೊತ್ತಪ್ಪ ಹಿಂದೆಯೇ ಹತ್ತಿದ. ಏನಾದರೂ ಕೇಳಿದರೆ ಗೊತ್ತಿದ್ದಷ್ಟು ಹೇಳೋಣವೆಂದು. ಅವರು ಏನೂ ಕೇಳಲಿಲ್ಲ. ಸೇತುವೆಯ ನಡುಮಧ್ಯದಲ್ಲಿ ನಿಂತು ಕೆಳಗೆ ನೋಡಿದರು. ವಾಹನಗಳ ಹೊಳೆ. ಅದರಲ್ಲಿ ತಮ್ಮ ಕಾರು, ಮುಂದೆ ಹೋಗಲಾರದೆ ಹಿಂದೆ ಬರಲಾರದೆ, ಬೆಂಕಿಪೆಟ್ಟಿಗೆಯಷ್ಟು. ಅವರು ಅದನ್ನು ಮೇಲಿನಿಂದ ನೋಡಿದ್ದು ಅದೇ ಮೊದಲಿರಬೇಕು. ದಾರಿಗೆ ಅಡ್ಡವಾಗಿ, ಕೈಯಲ್ಲಿ ಕಾಗದ ಹಿಡಿದು, ತುಂಬ ಹೊತ್ತು ನಿಂತರು.

ಹಿಂದಿನಿಂದ ಇಸ್ತ್ರಿಯಕ್ಕ ಬಂದಳು. ತಲೆಯ ಮೇಲೆ ಗಂಟು, ಒಂದು ಕಾಲು ಎಳೆಯುತ್ತ.

"ಸ್ವಲ್ಪ ಸರ್ಕೊಳ್ಳಿ ಸಾರ್, ಗಂಟು ಬಿಸಿ ಇದೆ."

ಅಧಿಕಾರಿಗಳು ಕಂಬಿಗೆ ಒತ್ತಿಕೊಂಡು ಸರಿದು ನಿಂತರು. ಅವಳು ದಾಟಿಹೋದಳು.